ಕಬ್ಬಿಣದ ಮೇಲೆ ರಂಗೋಲಿ ಪುಡಿ

ನಮ್ಮ ಮನೆಯಲ್ಲಿ ಬಿಳಿ ಪುಡಿ ಮೂರು ಬಗೆಯದು. ದೇವರ ಜಗಲಿಯ ಮೇಲೆ ವಿಭೂತಿ, ಹೊಸ್ತಿಲ ಪಕ್ಕದ ಗೂಡಿನಲ್ಲಿ ರಂಗೋಲಿ, ಗ್ಯಾರೇಜಿನ ಕಿಟಕಿಯಲ್ಲಿ ಒಂದು ತಗಡಿನ ಡಬ್ಬಿಯೊಳಗೆ ಸೀಮೆಸುಣ್ಣದ ಪುಡಿ. ಈ ಮೂರನೆಯದು ಯಾಕೆ ಎಂದು ಬಂದವರು ಕೇಳುತ್ತಾರೆ. ಅದು ಕಬ್ಬಿಣ ನೋಡುವುದಕ್ಕೆ.

ಕೊಟ್ಟೂರಿನಲ್ಲಿ ನಮ್ಮ ಮನೆಯ ಮುಂದಿನ ಭಾಗವೇ ಗ್ಯಾರೇಜು. ಮಾವನವರು ಇದ್ದಾಗ ಅದು ಕುಲುಮೆಯಾಗಿತ್ತು. ಬಂಡಿಯ ಗಾಲಿಗೆ ಹಳಿ ಹಾಕುವುದು, ನೇಗಿಲ ಕುಳ ಹದ ಮಾಡುವುದು ಅವರ ಕೆಲಸ. ಬಂಡಿಗಳು ಕಡಿಮೆಯಾದ ಮೇಲೆ ಯಜಮಾನರು ಹಗರಿಬೊಮ್ಮನಹಳ್ಳಿಯ ಒಬ್ಬ ಸಾಬರ ಹತ್ತಿರ ಆರು ವರ್ಷ ಕೆಲಸ ಕಲಿತು ಬಂದು ಅದೇ ಜಾಗದಲ್ಲಿ ಕಾರಿನ ಕೆಳಗಿನ ಕೆಲಸ ಶುರುಮಾಡಿದರು. ಎಂಜಿನ್ ಮುಟ್ಟುವುದಿಲ್ಲ. ಪಾಟಾ ಎನ್ನುವ ಕಮಾನುಪಟ್ಟಿ, ಶಾಕ್, ಬುಷ್, ಆರ್ಮ್, ಇಷ್ಟೇ. ಗುಂಡಿಗೆ ಇಳಿದ ಗಾಡಿ ಕುಕ್ಕಿದಾಗ ಪೆಟ್ಟು ತಿನ್ನುವ ಕಬ್ಬಿಣವೆಲ್ಲ ಅವರ ಕೈಗೆ ಬರುತ್ತದೆ. ನಮ್ಮ ಸುತ್ತಿನ ರಸ್ತೆಗಳ ದಯದಿಂದ ಕೆಲಸಕ್ಕೆ ಬರವಿಲ್ಲ.

ಆರ್ಮ್ ಎಂದರೆ ಮುಂದಿನ ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ಕಬ್ಬಿಣದ ತೋಳು. ಅದು ಬಗ್ಗಿದರೆ ಚಕ್ರ ವಾರೆಯಾಗುತ್ತದೆ, ಮುರಿದರೆ ಚಕ್ರ ಒಳಗೆ ಮಡಚಿಕೊಂಡು ಗಾಡಿ ತನಗೆ ಬೇಕಾದ ಕಡೆ ಹೋಗುತ್ತದೆ. ಬಗ್ಗಿದ್ದನ್ನು ತೆಗೆದು ಹೊಸದು ಹಾಕುವುದೇ ಸರಿ. ಯಜಮಾನರಿಗೂ ಅದು ಗೊತ್ತು. ಆದರೆ ಹೊಸದು ದಾವಣಗೆರೆಯಿಂದಲೋ ಹೊಸಪೇಟೆಯಿಂದಲೋ ಬರಬೇಕು. ಬಂದವರಿಗೆ ಅವತ್ತೇ ಹೋಗಬೇಕು. ಹಾಗಾಗಿ ಸ್ವಲ್ಪ ಬಗ್ಗಿದ್ದನ್ನು ಜಾಕಿನಿಂದ ಒತ್ತಿ ನೆಟ್ಟಗೆ ಮಾಡಿ ಕೊಡುವುದು ನಮ್ಮ ಕಡೆ ನಡೆದು ಬಂದಿದೆ. ಹಾಗೆ ಒತ್ತಿದ ಮೇಲೆ ಅದರಲ್ಲಿ ಬಿರುಕು ಬಿಟ್ಟಿದೆಯೋ ಇಲ್ಲವೋ ನೋಡಬೇಕು. ಬಿಟ್ಟಿದ್ದರೆ ಅದು ಗುಜರಿಗೆ.

ಯಜಮಾನರಿಗೆ ಅವರ ಉಸ್ತಾದರು, ಆ ಸಾಬರು, ಕಲಿಸಿದ ರೀತಿ ಹೀಗೆ. ಕಬ್ಬಿಣವನ್ನು ಡೀಸೆಲ್‌ನಲ್ಲಿ ಅರ್ಧ ಗಂಟೆ ನೆನೆಸುವುದು. ತೆಗೆದು, ಬಟ್ಟೆಯಿಂದ ಒಂದು ಹನಿ ಉಳಿಯದಂತೆ ಒರೆಸುವುದು. ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ತೆಳ್ಳಗೆ ಬಳಿದು ಬಿಸಿಲಿಗೆ ಇಡುವುದು. ಬಿರುಕು ಇದ್ದರೆ ಅದರೊಳಗೆ ಅಡಗಿದ ಡೀಸೆಲ್ ಮೆಲ್ಲಗೆ ಮೇಲೆ ಬಂದು ಬಿಳುಪಿನ ಮೇಲೆ ಒದ್ದೆ ಗೆರೆ ಮೂಡುತ್ತದೆ. ಕೂದಲೆಳೆಯಷ್ಟು. ಅಷ್ಟನ್ನು ಕಾಣುವ ಕಣ್ಣು ಬೇಕು.

ಆ ಕಣ್ಣು ಐದು ವರ್ಷದಿಂದ ನನ್ನದು. ವೆಲ್ಡಿಂಗಿನ ಬೆಳಕು ಯಜಮಾನರ ಕಣ್ಣನ್ನು ತಿಂದುಬಿಟ್ಟಿದೆ. ದೂರದ್ದು ಕಾಣುತ್ತದೆ, ಕೈಯ ಅಳತೆಯಲ್ಲಿರುವುದು ಕನ್ನಡಕ ಹಾಕಿದರೂ ಮಸುಕು. ಇದನ್ನು ನಾವು ಹೊರಗೆ ಯಾರಿಗೂ ಹೇಳಿರಲಿಲ್ಲ. ಕಣ್ಣು ಕಾಣದ ಮೇಸ್ತ್ರಿಗೆ ಗಾಡಿ ಯಾರು ಕೊಡುತ್ತಾರೆ? ಆದ್ದರಿಂದ ಅವರು ಕಬ್ಬಿಣವನ್ನು "ತೊಳಕೊಂಡು ಬಾ" ಎಂದು ನನ್ನ ಕೈಗೆ ಕೊಡುತ್ತಿದ್ದರು. ನಾನು ಹಿತ್ತಲಿಗೆ ಒಯ್ದು ನೋಡಿ ತಂದು, "ತೊಳದೀನಿ" ಎಂದರೆ ಚೆನ್ನಾಗಿದೆ ಎಂದರ್ಥ, "ಜಿಡ್ಡು ಹೋಗವಲ್ದು" ಎಂದರೆ ಬಿರುಕು ಇದೆ ಎಂದರ್ಥ. ಗಿರಾಕಿಯ ಮುಂದೆ ಅಷ್ಟೇ ಮಾತು. ಗಂಡನಿಗೆ ನೆರವಾಗುವ ಕಣ್ಣು ಕೊಟ್ಟಿದ್ದಾಳಲ್ಲ ಎಂದು ಕಾಳಮ್ಮನಿಗೆ ದಿನವೂ ಕೈಮುಗಿಯುತ್ತಿದ್ದೆ. ಆ ಕೈಮುಗಿಯುವುದರಲ್ಲಿ ಸ್ವಲ್ಪ ಗರ್ವವೂ ಇತ್ತು ಎಂದು ಈಗ ಅನ್ನಿಸುತ್ತದೆ.

ಹೋದ ಬೇಸಿಗೆಯ ಒಂದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮವರು ಕುಲುಮೆಗೆ ಬೆಂಕಿ ಹಚ್ಚುವುದಿಲ್ಲ. ಗ್ಯಾರೇಜು ಆದ ಮೇಲೂ ಯಜಮಾನರು ಅವತ್ತು ವೆಲ್ಡಿಂಗ್ ಮುಟ್ಟುವುದಿಲ್ಲ. ಸುತ್ತಿಗೆ, ಪಾನಾ, ಜಾಕು ಎಲ್ಲ ತೊಳೆದು ಕುಂಕುಮ ಇಟ್ಟು ಪೂಜೆ ಮಾಡಿ, ಹೋಳಿಗೆ ಉಂಡು ಮಲಗುತ್ತಾರೆ. ನಾನು ಒಲೆಯ ಮೇಲೆ ಬೇಳೆ ಇಟ್ಟು ಬಾಗಿಲಿಗೆ ದೊಡ್ಡ ರಂಗೋಲಿ ಹಾಕುತ್ತಿದ್ದೆ. ಫೋನ್ ಬಂತು, ಗ್ಯಾರೇಜು ತೆರೆದಿದೆಯೇ ಎಂದು ಯಾರೋ ಕೇಳಿದರು. ಇಲ್ಲ ಎನ್ನುವುದರೊಳಗೆ ಗಾಡಿ ಬಾಗಿಲಿಗೇ ಬಂದು ನಿಂತಿತು. ಮುಂದಿನ ಎಡಗಡೆಯ ಚಕ್ರ ವಾರೆಯಾಗಿತ್ತು.

ಹಡಗಲಿ ಕಡೆಯ ಒಬ್ಬ ಮೇಷ್ಟ್ರು. ಹಿಂದಿನ ಸೀಟಿನಲ್ಲಿ ಅವರ ತಾಯಿ, ತಾಯಿಯ ತೊಡೆಯ ಮೇಲೆ ನಿದ್ದೆಹೋದ ನಾಲ್ಕು ವರ್ಷದ ಮೊಮ್ಮಗಳು.

"ಇವತ್ತು ಅಮಾಸಿ ಸರ, ಬೆಂಕಿ ಮುಟ್ಟಂಗಿಲ್ಲ. ನಾಳಿ ಬರ್ರಿ" ಎಂದರು ಯಜಮಾನರು.

"ಬೆಂಕಿ ಯಾಕ ಬೇಕು ಮೇಸ್ತ್ರಿ? ಬಗ್ಗೈತಿ, ನೆಟ್ಟಗ ಮಾಡಿ ಕೊಟ್ರ ಸಾಕು. ಅಮಾಸಿಗೆ ಉಜ್ಜಿನಿ ಗುಡಿ ತಪ್ಪಬಾರದು ಅಂತಾಳ ಅವ್ವ. ಅಲ್ಲಿಂದ ಹಲವಾಗಲಕ್ಕ ನಮ್ಮಕ್ಕನ ಮನಿಗೆ ಹೋಗಬೇಕು."

ಒಳಗಿನಿಂದ ಮುದುಕಿಯ ದನಿ ಬಂತು. "ಅಂತಾಳ ಅಂತ ನನ್ನ ಮ್ಯಾಲೆ ಹಾಕಬ್ಯಾಡಲೇ. ಗುಂಡಿ ನೋಡದ ಇಳಿಸಿದಾಂವ ನೀನು. ಬೋರ್ಡಿನ ಮ್ಯಾಲಿಂದು ಅಷ್ಟ ಕಾಣತೈತಿ ನಿನಗ, ನೆಲದ ಮ್ಯಾಲಿಂದು ಕಾಣಂಗಿಲ್ಲ."

ಯಜಮಾನರು ನಕ್ಕರು. ನಕ್ಕ ಮೇಲೆ ಇಲ್ಲ ಎನ್ನುವುದು ಅವರಿಗೆ ಬರುವುದಿಲ್ಲ. ಬೆಂಕಿ ಬೇಡದ ಕೆಲಸ ತಾನೇ ಎಂದು ಕುಂಕುಮ ಇಟ್ಟ ಜಾಕನ್ನೇ ಮತ್ತೆ ಎತ್ತಿಕೊಂಡರು. ಆರ್ಮ್ ಬಿಚ್ಚಿ, ಒತ್ತಿ, ನೆಟ್ಟಗಾದುದನ್ನು ಬೆರಳಿನಲ್ಲಿ ಸವರಿ ನೋಡಿ, "ತೊಳಕೊಂಡು ಬಾ" ಎಂದು ನನಗೆ ಕೊಟ್ಟರು.

ಅಷ್ಟು ಹೊತ್ತಿಗೆ ಮುದುಕಿ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತ ಹೂರಣ ರುಬ್ಬುವುದು ಹೇಗೆಂದು ನನಗೆ ಹೇಳಿಕೊಡುತ್ತಿದ್ದಳು. "ಮಿಕ್ಸಿಗೆ ಹಾಕಿದ್ರ ಅದು ಹೂರಣ ಅಲ್ಲ ತಂಗಿ, ಸಿಮೆಂಟು" ಎಂದಳು. ನಾನು ನಗುತ್ತಲೇ ಕಬ್ಬಿಣವನ್ನು ಡೀಸೆಲ್ ತಟ್ಟೆಯಲ್ಲಿ ಇಟ್ಟೆ. ಅರ್ಧ ಗಂಟೆ ಬಿಟ್ಟು ತೆಗೆದು ಒರೆಸಿದೆ. ಡಬ್ಬಿ ತೆರೆದರೆ ಪುಡಿ ಇಲ್ಲ. ತಳದಲ್ಲಿ ಚಿಟಿಕೆಯಷ್ಟು ಅಂಟಿಕೊಂಡಿತ್ತು.

ಅಂಗಡಿಗೆ ಹೋಗಿ ಸೀಮೆಸುಣ್ಣ ತಂದು ಕುಟ್ಟಬೇಕು. ಒಲೆಯ ಮೇಲೆ ಬೇಳೆ ಉಕ್ಕುತ್ತಿದೆ. ಮೇಷ್ಟ್ರು ಹೊರಗೆ ಗಡಿಯಾರ ನೋಡುತ್ತಿದ್ದಾರೆ. ಪೂಜೆಗೆ ಹೊತ್ತಾಗುತ್ತಿದೆ. ನನ್ನ ಕಣ್ಣಿಗೆ ಬಿದ್ದದ್ದು ಬೆಳಿಗ್ಗೆ ಹೊಸ್ತಿಲಲ್ಲಿ ಬಿಟ್ಟ ರಂಗೋಲಿಯ ಬಟ್ಟಲು. ಬಿಳಿ ಪುಡಿ ಎಂದರೆ ಬಿಳಿ ಪುಡಿ ಎಂದುಕೊಂಡೆ. ನೀರಿನಲ್ಲಿ ಕಲಸಿದರೆ ಅದು ಕೂರಲಿಲ್ಲ, ಜಾರಿ ಇಳಿಯಿತು. ಒಣ ಪುಡಿಯನ್ನೇ ಬಾಗಿಲಿಗೆ ಹಾಕುವ ಹಾಗೆ ಎರಡು ಬೆರಳಿನಿಂದ ಉದುರಿಸಿದೆ. ಬಿಸಿಲಿಗೆ ಇಟ್ಟು ನೋಡಿದೆ. ಗೆರೆ ಇರಲಿಲ್ಲ. ಇನ್ನಷ್ಟು ಹೊತ್ತು ನೋಡಿದೆ. ಏನೂ ಇರಲಿಲ್ಲ.

ಒಯ್ದು ಕೊಟ್ಟು "ತೊಳದೀನಿ" ಎಂದೆ. ಪುಡಿ ಯಾವುದು ಎಂದು ಅವರು ಕೇಳಲಿಲ್ಲ. ಯಾಕೆ ಕೇಳುತ್ತಾರೆ?

ಗಾಡಿ ಹೋಯಿತು. ಮುದುಕಿ ಕಿಟಕಿಯಿಂದ ಕೈ ಬೀಸಿ, "ಹೋಳಿಗಿ ಉಳದ್ರ ಒಂದು ಎತ್ತಿಡು, ಬರೋವಾಗ ತಿಂತೀನಿ" ಎಂದಳು.

ಪೂಜೆಗೆ ಕೂತಾಗ ಮಧ್ಯಾಹ್ನವಾಗಿತ್ತು. ದೀಪಕ್ಕೆ ಎಣ್ಣೆ ಹಾಕುವಾಗ ಕೈ ತಪ್ಪಿ ನಾಲ್ಕು ಹನಿ ಜಗಲಿಯ ಮುಂದಿನ ರಂಗೋಲಿಯ ಮೇಲೆ ಬಿತ್ತು. ಒರೆಸಲು ಬಗ್ಗಿದೆ. ಎಣ್ಣೆ ಕಾಣಲಿಲ್ಲ. ಮೇಲೆ ಪುಡಿ ಬೆಳ್ಳಗೇ ಇತ್ತು. ಬೆರಳಿನಿಂದ ಕೆದಕಿದರೆ ಎಣ್ಣೆ ಹರಳುಗಳ ಸಂದಿಯಲ್ಲಿ ಇಳಿದು ಕೆಳಗೆ ಕೂತಿತ್ತು. ರಂಗೋಲಿ ಎಂದರೆ ಕಲ್ಲಿನ ಪುಡಿ. ಅದು ಏನನ್ನೂ ಹೀರಿಕೊಂಡು ಮೇಲಕ್ಕೆ ತರುವುದಿಲ್ಲ. ಎಣ್ಣೆಯ ಗಿಂಡಿ ಕೆಳಗಿಟ್ಟೆ.

ಆದರೂ ಸುಮ್ಮನೆ ಹೆದರಬಾರದು ಎಂದು ಹಿತ್ತಲಿಗೆ ಹೋದೆ. ಅಲ್ಲಿ ಒಂದು ಹಳೆಯ ಆರ್ಮ್ ಇದೆ. ಬಿರುಕು ಬಿಟ್ಟದ್ದೆಂದು ಗೊತ್ತಿರುವುದು. ನನಗೆ ನೋಡುವುದನ್ನು ಕಲಿಸಲು ಯಜಮಾನರು ಎತ್ತಿಟ್ಟದ್ದು. ಅದನ್ನು ನೆನೆಸಿ, ಒರೆಸಿ, ರಂಗೋಲಿ ಉದುರಿಸಿ ಕಾದೆ. ಗೆರೆ ಬರಲಿಲ್ಲ. ಪಕ್ಕದ ಮನೆಯಿಂದ ಎರಡು ಸೀಮೆಸುಣ್ಣ ಇಸಿದುಕೊಂಡು ಕುಟ್ಟಿ ಬಳಿದೆ. ಐದೇ ನಿಮಿಷದಲ್ಲಿ ಗೆರೆ ಎದ್ದು ನಿಂತಿತು.

ಅಂದರೆ ಬೆಳಿಗ್ಗೆ ನಾನು ನೋಡಿದ್ದು ನೋಡಿದ್ದೇ ಅಲ್ಲ. ಆ ಗಾಡಿಯಲ್ಲಿ ಮೂರು ಜೀವ ಇದ್ದವು.

ಯಜಮಾನರು ಊಟಕ್ಕೆ ಕೂತಿದ್ದರು. ಬಿರುಕು ಇರಲಿಕ್ಕಿಲ್ಲ, ಹತ್ತರಲ್ಲಿ ಎಂಟಕ್ಕೆ ಇರುವುದಿಲ್ಲ, ಹೇಳದಿದ್ದರೆ ಏನಾಗುತ್ತದೆ ಎಂದು ಮನಸ್ಸು ವ್ಯಾಪಾರ ಮಾಡಿತು. ದೇವರ ಮುಂದೆ ಹಚ್ಚಿದ ದೀಪ ಇನ್ನೂ ಉರಿಯುತ್ತಿತ್ತು. ಹೇಳಿಬಿಟ್ಟೆ.

ಅವರು ಬೈಯಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿ ಇಟ್ಟರು.

"ಎಷ್ಟೊತ್ತಾತು ಅವರು ಹೋಗಿ?"

"ಎರಡ್ ತಾಸು ಮ್ಯಾಲಾತು."

ಬೆಳಿಗ್ಗೆ ಬಂದ ಫೋನಿನ ನಂಬರಿಗೆ ಮಾಡಿದರು. ಸಂಪರ್ಕ ಸಿಗಲಿಲ್ಲ. ಮತ್ತೆ ಮಾಡಿದರು, ಸಿಗಲಿಲ್ಲ. ಎದ್ದು ಕೈತೊಳೆದು ಜಾಕು, ಪಾನಾಗಳನ್ನು ಚೀಲಕ್ಕೆ ಹಾಕಿದರು. ನಾನು ಕುಟ್ಟಿದ ಪುಡಿ, ಡೀಸೆಲ್ ಬಾಟಲಿ, ಬಟ್ಟೆ ಹಿಡಿದುಕೊಂಡು ಬೈಕಿನ ಹಿಂದೆ ಕೂತೆ. ಉಜ್ಜಿನಿಯವರೆಗೂ ಪ್ರತಿ ತಿರುವಿನಲ್ಲೂ ರಸ್ತೆಯ ಬದಿಯ ತಗ್ಗು ನೋಡುತ್ತಿದ್ದೆ. ಎಲ್ಲಿಯೂ ಗಾಡಿ ಬಿದ್ದಿರಲಿಲ್ಲ. ಒಂದೊಂದು ತಿರುವು ದಾಟಿದಾಗಲೂ ಒಂದೊಂದು ನಮಸ್ಕಾರ ಹಾಕಿದೆ.

ಉಜ್ಜಿನಿಯಲ್ಲಿ ಗುಡಿಯ ಬೀದಿಯ ತುಂಬ ಗಾಡಿಗಳು. ಅವರದು ಇರಲಿಲ್ಲ. ಕಾಯಿ ಮಾರುವಾಕೆಯನ್ನು ಕೇಳಿದೆ. "ಬಾಯಿ ಜೋರಿನ ಮುದುಕಿ ಅಲ್ಲನು? ಕಾಯಿಗೆ ನೀರಿಲ್ಲ ಅಂತ ಜಗಳ ತಗದು, ಎರಡು ಕಾಯಿ ಬದಲಾಸಿಕೊಂಡು ಈಗ ಹೋತು" ಎಂದಳು. ಮತ್ತೆ ಫೋನ್ ಮಾಡಿದೆ. ಈ ಸಲ ರಿಂಗಾಯಿತು. ಎತ್ತಿದ್ದು ಮುದುಕಿ. ಮಗ ಗಾಡಿ ಓಡಿಸುತ್ತಿದ್ದುದರಿಂದ ಫೋನ್ ಅವಳ ಕೈಯಲ್ಲಿತ್ತು. ಇದನ್ನು ನಾನು ಇವತ್ತಿಗೂ ಮರೆತಿಲ್ಲ. ಮಗ ಎತ್ತಿದ್ದರೆ ಏನಾಗುತ್ತಿತ್ತೋ.

"ಯವ್ವಾ, ಕೊಟ್ಟೂರು ಗ್ಯಾರೇಜಿನಾಕಿ ರೀ. ಬೆಳಿಗ್ಗೆ ಚಾ ಕೊಟ್ಟಾಕಿ."

"ಹೂಂ ತಂಗಿ. ನನ್ನ ಎಲಿ ಅಡಕಿ ಚೀಲ ಅಲ್ಲೇ ಬಿಟ್ಟೀನೇನು?"

"ಇಲ್ಲ ರೀ. ಗಾಡಿ ನಿಂದ್ರಸ್ರಿ. ಮಗಗ ಹೇಳ್ರಿ, ಈಗಿಂದೀಗ ನಿಂದ್ರಸ್ಲಿ. ಆ ಕಬ್ಬಿಣ ನಾನು ಸರಿ ನೋಡಿಲ್ಲ."

"ನೀ ನೋಡೂದೇನೈತಿ ಅದರಾಗ? ನಿನ್ನ ಗಂಡ ನೋಡಿಲ್ಲೇನು?"

ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಮುದುಕಿಯ ದನಿ ಅವರಿಗೂ ಕೇಳಿಸುತ್ತಿತ್ತು. ಕಾಯಿಯಾಕೆಯೂ ನಮ್ಮ ಕಡೆಯೇ ನೋಡುತ್ತಿದ್ದಳು. ಐದು ವರ್ಷ ಬಚ್ಚಿಟ್ಟ ಮಾತು. ಅವರ ಮುಖ ನೋಡಲು ಧೈರ್ಯವಾಗಲಿಲ್ಲ.

"ಇಲ್ಲ ರೀ ಯವ್ವಾ. ನೋಡಾಕಿ ನಾನ. ಅವರಿಗೆ ಹತ್ರದ್ದು ಕಾಣಂಗಿಲ್ಲ."

ಆ ಕಡೆ ಮೇಷ್ಟ್ರ ದನಿ ಕೇಳಿಸಿತು. "ಯಾರವ್ವಾ? ಇನ್ನೊಂದಿಷ್ಟು ಕೆಲಸ ಹಚ್ಚಾಕ ಕರೀತಿರಬೇಕು, ಇಡು ಫೋನು."

"ಮೊದಲ ನಿಂದರಸಲೇ. ಆಮ್ಯಾಲೆ ಶಾಣ್ಯಾ ಆಗುವಂತಿ" ಎಂದಳು ಮುದುಕಿ. ಫೋನ್ ಕಟ್ಟಾಯಿತು.

ಹರಪನಹಳ್ಳಿ ರಸ್ತೆಯಲ್ಲಿ ಒಂದು ಹುಣಸೆ ಮರದ ಕೆಳಗೆ ಗಾಡಿ ನಿಂತಿತ್ತು. ಮೂವರೂ ಹೊರಗೆ ಇಳಿದಿದ್ದರು. ಹುಡುಗಿ ಹುಣಸೆಕಾಯಿ ಆರಿಸುತ್ತಿದ್ದಳು.

ಮೇಷ್ಟ್ರು ಸಿಟ್ಟಿನಲ್ಲಿದ್ದರು. ಯಜಮಾನರು ಗಾಡಿ ಎತ್ತಿ ಆರ್ಮ್ ಬಿಚ್ಚಿದರು. ನೆನೆಸಲು ತಟ್ಟೆ ಇರಲಿಲ್ಲ. ಬಟ್ಟೆಯನ್ನು ಡೀಸೆಲ್‌ನಲ್ಲಿ ಅದ್ದಿ ಸುತ್ತಿ, ಮತ್ತೆ ಮತ್ತೆ ಹನಿಸಿ ಅರ್ಧ ಗಂಟೆ ಕೂತೆ. ಆಮೇಲೆ ಒರೆಸಿ, ಪುಡಿ ಬಳಿದು ರಸ್ತೆಯ ಬದಿಯ ಕಲ್ಲಿನ ಮೇಲೆ ಬಿಸಿಲಿಗೆ ಇಟ್ಟೆ. ಇದೇ ಮೊದಲ ಸಲ ಹಿತ್ತಲಿನ ಕೆಲಸವನ್ನು ನಾಲ್ಕು ಜನರ ಮುಂದೆ ಮಾಡಿದ್ದು.

"ಕಬ್ಬಿಣಕ್ಕ ಪೌಡರ್ ಹಚ್ಚೂದು ಇವತ್ತ ನೋಡಿದೆ" ಎಂದಳು ಮುದುಕಿ. ಯಾರೂ ನಗಲಿಲ್ಲ.

ಗೆರೆ ಬರದಿರಲಿ ತಾಯಿ ಎಂದು ಬೇಡುತ್ತಿದ್ದೆ. ಬೇಡುತ್ತ ಬೇಡುತ್ತ ನಾಚಿಕೆಯಾಯಿತು. ಬರದಿದ್ದರೆ ನನ್ನ ಮಾನ ಉಳಿಯುತ್ತದೆ, ಅದಕ್ಕೆ ಬೇಡುತ್ತಿದ್ದೆ. ಇದ್ದದ್ದು ಇದ್ದ ಹಾಗೆ ಕಾಣಿಸು ಎಂದು ಬದಲಾಯಿಸಿದೆ. ಪುಡಿ ಒಣಗಿತು. ಚಕ್ರದ ಕಡೆಯ ತುದಿಯಲ್ಲಿ, ಬಗ್ಗಿಸಿ ನೆಟ್ಟಗೆ ಮಾಡಿದ ಜಾಗದಲ್ಲಿ, ಮೊದಲು ಒಂದು ಚುಕ್ಕಿ ಕಪ್ಪಾಯಿತು. ಚುಕ್ಕಿ ಉದ್ದವಾಯಿತು. ನನ್ನ ಕಿರುಬೆರಳಷ್ಟು ಉದ್ದದ ಗೆರೆ.

ಮೇಷ್ಟ್ರು ಬಗ್ಗಿ ನೋಡಿದರು. ಮಗಳನ್ನು ಕರೆದು ಎತ್ತಿಕೊಂಡರು. ಆಮೇಲೆ ಯಜಮಾನರ ಕಡೆ ತಿರುಗಿದರು.

"ಗ್ಯಾರೇಜಿನ್ಯಾಗ ಹೆಂಡ್ರು ನೋಡಿ ಹೇಳೂದೇನ್ರಿ? ನಿಮ್ಮ ಕಣ್ಣಿಗೇನಾಗೈತಿ?"

ಯಜಮಾನರು ಆ ಕಬ್ಬಿಣವನ್ನು ಎತ್ತಿ ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಕಾಣಲಿಲ್ಲವೆಂದು ನನಗೆ ಗೊತ್ತಿತ್ತು. ಕಂಡಂತೆ ತಲೆಯಾಡಿಸಬಹುದಿತ್ತು.

"ಕಾಣಂಗಿಲ್ಲ ಸರ. ಈಗೂ ಕಾಣವಲ್ದು. ಎಲ್ಲೈತಿ ಅಂತ ಇಕಿ ಬೆರಳಿಟ್ಟು ತೋರಿಸಿದ್ರ ತಿಳೀತೈತಿ. ಮೊದಲ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಂದು."

"ತಪ್ಪು ನಂದ ರೀ" ಎಂದೆ.

"ಇಬ್ಬರದೂ ಐತಿ, ಜಗಳಾಡಬ್ಯಾಡ್ರಿ" ಎಂದಳು ಮುದುಕಿ. ಮಗನಿಗೆ, "ಬೈಯೂದಿದ್ರ ಬೈ, ಆದ್ರ ನಿಂದರಸಿದಾಕಿ ಅಕಿ ಅನ್ನೂದು ನೆನಪಿರಲಿ" ಎಂದಳು.

ಮುದುಕಿ, ಮೊಮ್ಮಗಳನ್ನು ಹರಪನಹಳ್ಳಿ ಬಸ್ಸಿಗೆ ಹತ್ತಿಸಿದೆವು, ಮೇಷ್ಟ್ರು ಗಾಡಿಯ ಹತ್ತಿರ ಉಳಿದರು. ಮರುದಿನ ಯಜಮಾನರು ದಾವಣಗೆರೆಗೆ ಹೋಗಿ ಹೊಸ ಆರ್ಮ್ ತಂದು ಆ ಹುಣಸೆ ಮರದ ಕೆಳಗೇ ಹಾಕಿ ಕೊಟ್ಟರು.

ಆದರೆ ನಾನು ಬರೆಯಲು ಕೂತದ್ದು ಅಷ್ಟಕ್ಕೇ ಅಲ್ಲ. ಅವತ್ತು ವಾಪಸು ಬರುವಾಗ ಯಜಮಾನರು ನಡುದಾರಿಯಲ್ಲಿ ಬೈಕು ನಿಲ್ಲಿಸಿದರು. ಹಿಂದೆ ತಿರುಗದೆ ಕೇಳಿದರು.

"ಇದಕ್ಕ ಮೊದಲ ಎಂದಾರ ರಂಗೋಲಿ ಹಾಕಿ ನೋಡಿದ್ದಿಯೇನು?"

ಇಲ್ಲ ಎಂದು ಬಾಯಿಗೆ ಬಂದಿತ್ತು. ಆದರೆ ಹಿಂದಿನ ದೀಪಾವಳಿಯ ಹೊತ್ತಿನಲ್ಲಿ ಸೀಮೆಸುಣ್ಣ ಕಡಿಮೆಯಾದಾಗ ಅದಕ್ಕೆ ಅರ್ಧಕ್ಕರ್ಧ ರಂಗೋಲಿ ಬೆರೆಸಿದ್ದು ನೆನಪಾಯಿತು. ಆ ಡಬ್ಬಿ ಎಷ್ಟು ದಿನ ಬಂತು? ಆ ಪುಡಿಯಲ್ಲಿ ಎಷ್ಟು ಕಬ್ಬಿಣ ನೋಡಿದೆ? ಬೆರೆಸಿದ್ದರಲ್ಲಿ ಗೆರೆ ಬರುತ್ತದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಹೇಳಿದೆ. ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದವು. ಇಬ್ಬರೂ ಅವುಗಳ ಮುಂದಿನ ಚಕ್ರವನ್ನೇ ನೋಡುತ್ತಿದ್ದೆವು.

ಮನೆಗೆ ಬಂದು ಎರಡೂ ಪುಡಿ ಮತ್ತೆ ಹಾಗೆಯೇ ಬೆರೆಸಿ ಹಿತ್ತಲಿನ ಹಳೆಯ ಕಬ್ಬಿಣದ ಮೇಲೆ ಬಳಿದು ನೋಡಿದೆವು. ಒಂದು ಸಲ ಗೆರೆ ಬಂತು. ಒಂದು ಸಲ ಬರಲಿಲ್ಲ. ಅದು ಪೂರ್ತಿ ಬಾರದಿದ್ದುದಕ್ಕಿಂತ ಕೆಟ್ಟದು ಎನ್ನಿಸಿತು.

ಕೂತು ನೆನಪು ಮಾಡಿಕೊಂಡೆವು. ಆ ದಿನಗಳಲ್ಲಿ ನೆಟ್ಟಗೆ ಮಾಡಿ ಕೊಟ್ಟದ್ದು ನಾಲ್ಕು ಗಾಡಿಗಳಿಗೆ. ಕೂಡ್ಲಿಗಿಯದು ಎರಡು. ಯಜಮಾನರು ಅವರ ಮನೆಗೇ ಹೋಗಿ, ಕಾರಣ ಹೇಳಿ, ಬಿಚ್ಚಿಸಿ ತಂದರು. ಒಬ್ಬರು ಚಹಾ ಕೊಟ್ಟರು, ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಬೈದರು. ಎರಡರಲ್ಲೂ ಬಿರುಕು ಇರಲಿಲ್ಲ. ಹಗರಿಬೊಮ್ಮನಹಳ್ಳಿಯ ಮೂರನೆಯದಕ್ಕೆ ಅದಾಗಲೇ ಬೇರೆ ಕಡೆ ಹೊಸ ಆರ್ಮ್ ಬಿದ್ದಿತ್ತು. ಇಷ್ಟನ್ನು ದೇವರ ದಯವೆಂದು ಎಣಿಸಿಕೊಂಡಿದ್ದೇನೆ. ಈ ಓಡಾಟದಲ್ಲಿ ಅವರ ಕಣ್ಣಿನ ವಿಷಯ ಊರೂರಿಗೆ ತಿಳಿಯಿತು. ಈಗ ಬರುವ ಗಾಡಿ ಅರ್ಧ. ಆರ್ಮ್ ನೆಟ್ಟಗೆ ಮಾಡುವುದನ್ನು ಅವರು ಬಿಟ್ಟಿದ್ದಾರೆ. ಬುಷ್ ಬದಲಾಯಿಸುತ್ತಾರೆ, ಪಾಟಾ ಬಿಗಿಯುತ್ತಾರೆ. ಅದು ಬೆರಳಿನ ಕೆಲಸ, ಕಣ್ಣು ಬೇಡ.

ನಾಲ್ಕನೆಯದು ಮಾಗಳದ ಕಡೆಯದು. ಬಿಳಿ ಗಾಡಿ, ನೆಟ್ಟಗೆ ಮಾಡಿದ್ದು ಬಲಗಡೆಯ ಮುಂದಿನ ಆರ್ಮ್. ಹಿಂದಿನ ಸೀಟಿನ ತುಂಬ ಮಲ್ಲಿಗೆಯ ಬುಟ್ಟಿಗಳಿದ್ದವು, ಗ್ಯಾರೇಜೆಲ್ಲ ಘಮಘಮ ಅಂದಿತ್ತು. ನಂಬರ್ ಇಟ್ಟುಕೊಂಡಿರಲಿಲ್ಲ. ಯಜಮಾನರು ನಾಲ್ಕು ಸಲ ಹಡಗಲಿಯ ಹೂವಿನ ಸಂತೆಗೆ ಹೋಗಿ ಕೇಳಿದರು. ನಾಲ್ಕನೆಯ ಸಲ ಆ ಮನುಷ್ಯ ಸಿಕ್ಕ.

"ಆ ಗಾಡಿ ಮಾರಿ ಮೂರ್ ತಿಂಗಳಾತು ಮೇಸ್ತ್ರಿ" ಎಂದನಂತೆ. "ತಗೊಂಡಾಂವ ಇನ್ನೊಬ್ಬಗ ಕೊಟ್ಟಾನಂತ. ಯಾವೂರಿಗೆ ಹೋಗೈತೋ ಏನೋ. ಯಾಕ, ಏನಾರ ಬಾಕಿ ಇತ್ತೇನು?"

ಮೊದಲು ಕೊಂಡವನ ನಂಬರು ಇಸಿದುಕೊಂಡು ಬಂದಿದ್ದಾರೆ. ಅದು ಹತ್ತುತ್ತಿಲ್ಲ. ದಿನವೂ ಒಮ್ಮೆ ಮಾಡುತ್ತಾರೆ, ಊಟಕ್ಕೆ ಕೂರುವ ಮೊದಲು. ನಾನು ದೀಪ ಹಚ್ಚಿ ಕೂರುತ್ತೇನೆ. ನಮ್ಮವರಿಗಾಗಿ, ನೆರೆಯವರಿಗಾಗಿ, ಆ ಮುದುಕಿಗಾಗಿ ಹೆಸರು ಹಿಡಿದು ಬೇಡುತ್ತೇನೆ. ಆ ಬಿಳಿ ಗಾಡಿಯನ್ನು ಈಗ ಓಡಿಸುತ್ತಿರುವವರು ಯಾರೋ, ಹಿಂದೆ ಯಾರನ್ನು ಕೂರಿಸಿಕೊಂಡಿದ್ದಾರೋ ಗೊತ್ತಿಲ್ಲ. ಗೊತ್ತಿಲ್ಲದವರಿಗಾಗಿ ಹೇಗೆ ಬೇಡುವುದೆಂದು ಕೆಲವು ದಿನ ತೋಚಲಿಲ್ಲ. ಈಗ ಆ ಗಾಡಿಯ ಬಲಗಡೆಯ ಮುಂದಿನ ಚಕ್ರಕ್ಕಾಗಿಯೇ ಬೇಡುತ್ತೇನೆ.